ಡ್ರೈವರನ ಮೊದಲ ಕ್ರೆಡಿಟ್ ಕಾರ್ಡು

ಸ್ಟಿಯರಿಂಗ್ ಬಿಟ್ಟು ಮೂರು ವರ್ಷವಾಗಿದ್ದರೂ ಬೀದಿಯವರೆಲ್ಲ ಅವನನ್ನು ಇನ್ನೂ ಡ್ರೈವರ್ ಎಂದೇ ಕರೆಯುತ್ತಿದ್ದರು. ಕರೆದರೆ ಅವನು ತಿರುಗಿ ನೋಡುತ್ತಿದ್ದ. ಹಾಗೆ ಕರೆಯಬೇಡಿ ಎನ್ನುವಷ್ಟು ಬೇಸರವೂ ಅವನಲ್ಲಿ ಉಳಿದಿರಲಿಲ್ಲ.

ಹದಿನಾರು ವರ್ಷ ಸಿಟಿ ಬಸ್ಸು ಓಡಿಸಿದವನು. ಒಂದು ದಿನ ಬೆಳಿಗ್ಗೆ ಹತ್ತೂಕಾಲಿಗೆ, ಮಾರುಕಟ್ಟೆಯ ತಿರುವಿನಲ್ಲಿ, ಅವನ ಕೈಕಾಲು ಸೆಟೆದುಕೊಂಡವು. ಬಸ್ಸು ರಸ್ತೆ ನಡುವಿನ ಕಟ್ಟೆ ಹತ್ತಿ ದೀಪದ ಕಂಬಕ್ಕೆ ಗುದ್ದಿ ನಿಂತಿತು. ಯಾರೂ ಸಾಯಲಿಲ್ಲ. ಕನ್ನಡಕ ರಿಪೇರಿಗೆಂದು ಹೊರಟಿದ್ದ ಮುದುಕರೊಬ್ಬರ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಅದಕ್ಕೆ ಮೂರ್ಛೆರೋಗ ಎಂದು ಹೆಸರಿಟ್ಟರು, ಲೈಸೆನ್ಸು ರದ್ದಾಯಿತು, ಒಂದು ವರ್ಷ ಆಫೀಸಿನಿಂದ ಆಫೀಸಿಗೆ ಅಲೆದ ಮೇಲೆ ಅಂಗವಿಕಲರ ಮಾಸಾಶನ ಮಂಜೂರಾಯಿತು. ಪ್ರತಿ ತಿಂಗಳು ಮೂರನೇ ತಾರೀಕಿಗೆ ಅದು ಬ್ಯಾಂಕಿಗೆ ಬಂದು ಬೀಳುತ್ತಿತ್ತು.

ದಿನಕ್ಕೆ ಏಳು ಮಾತ್ರೆ. ಅವುಗಳಿಂದ ಫಿಟ್ಸು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ತಿಂಗಳಿಗೊಂದೋ ಎರಡೋ ಸಲ, ಹೆಚ್ಚಾಗಿ ನಿದ್ದೆಯಲ್ಲಿ ಬರುತ್ತಿತ್ತು. ನಿಂತದ್ದು ಮಿಕ್ಕದ್ದೆಲ್ಲ. ಕಂಡಕ್ಟರನ ಜೋಕಿಗೆ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಗುತ್ತಿದ್ದವನಿಗೆ ಈಗ ನಗು ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಅಪ್ಪ ತೀರಿಕೊಂಡ ದಿನ, ಬಂದವರಿಗೆ ಕುರ್ಚಿ ಸಾಲುತ್ತದೋ ಇಲ್ಲವೋ ಎಂದಷ್ಟೇ ಯೋಚಿಸಿದ. ಪಕ್ಕದ ಮನೆಯಿಂದ ಆರು ಕುರ್ಚಿ ತಂದು ಹಾಕಿದ. ಇದನ್ನು ಡಾಕ್ಟರಿಗೆ ಹೇಳಿದಾಗ, ಮಾತ್ರೆ ಕಡಿಮೆ ಮಾಡಿದರೆ ಫಿಟ್ಸು ಹೆಚ್ಚುತ್ತದೆ, ಯಾವುದು ಬೇಕು ಎಂದು ಕೇಳಿದರು. ಮಾತ್ರೆ ಏಳೇ ಉಳಿದವು.

ಹೆಂಡತಿ ಬ್ರೆಡ್ಡಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಳು. ಮೂರು ವರ್ಷದಿಂದ ಅವಳು ಅವನ ಎದೆಯ ಮೇಲೆ ಕೈಯಿಟ್ಟೇ ಮಲಗುತ್ತಿದ್ದಳು. ಅವನು ಮಗ್ಗುಲು ಬದಲಾಯಿಸಿದರೂ ಸಾಕು, ಎದ್ದು ಕೂರುತ್ತಿದ್ದಳು. ಬೆಳಿಗ್ಗೆ ಅದೇ ನಿದ್ದೆಗೆಟ್ಟ ಕಣ್ಣಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಸಂಜೆ ಬಂದವಳು ಚಪ್ಪಲಿ ಬಿಡುತ್ತಾ, ಇವತ್ತು ನಿಂತಲ್ಲೇ ತೂಕಡಿಸಿ ಬ್ರೆಡ್ಡು ಕತ್ತರಿಸುವ ಮಷಿನ್ನಿಗೆ ಕೈ ಕೊಟ್ಟುಬಿಡುತ್ತಿದ್ದೆ, ಪಕ್ಕದವಳು ಜಡೆ ಹಿಡಿದು ಎಳೆದಳು, ಎಂದು ನಗುತ್ತಾ ಹೇಳಿದಳು. ಮೇಸ್ತ್ರಿ ಅವಳನ್ನು ಅಲ್ಲಿಂದ ಎಬ್ಬಿಸಿ ಚೀಟಿ ಅಂಟಿಸುವ ಮೇಜಿಗೆ ಕಳಿಸಿದ್ದನಂತೆ. ಆ ಮೇಜಿಗೆ ಕೂಲಿ ಕಡಿಮೆ.

ಡ್ರೈವರ್ ಅವಳ ಕೈ ನೋಡಿದ. ಹತ್ತೂ ಬೆರಳಿದ್ದವು. ಇಂಥ ಸುದ್ದಿ ಕೇಳಿದರೆ ಎದೆ ಧಸಕ್ಕೆನ್ನಬೇಕು ಎಂದು ಅವನಿಗೆ ಗೊತ್ತಿತ್ತು. ಎದೆ ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು. ಆದರೆ ಮಾರನೇ ದಿನ ಅವನು ಡಾಕ್ಟರ ಬಳಿ ಹೋಗಿ, ಮುಂಚೆ ಒಮ್ಮೆ ಅವರು ಹೇಳಿದ್ದ ಗಡಿಯಾರದ ವಿಷಯ ಮತ್ತೆ ಕೇಳಿದ.

ಅದು ಕೈಗೆ ಕಟ್ಟುವ ಗಡಿಯಾರ. ಫಿಟ್ಸು ಬಂದು ಕೈ ಅದುರಿದರೆ, ಮನೆಯವರ ಮೊಬೈಲು ಹೊಡೆದುಕೊಳ್ಳುವ ಹಾಗೆ ಮಾಡುತ್ತದೆ. ಅಂಗಡಿಯಲ್ಲಿ ಸಿಗುವುದಿಲ್ಲ. ಕಂಪನಿಯಿಂದಲೇ ತರಿಸಬೇಕು, ತಿಂಗಳು ತಿಂಗಳು ಅವರೇ ಬಾಡಿಗೆ ಮುರಿದುಕೊಳ್ಳುತ್ತಾರೆ, ಅದಕ್ಕೆ ಕ್ರೆಡಿಟ್ ಕಾರ್ಡು ಬೇಕೇ ಬೇಕು. ಡ್ರೈವರನ ಜೇಬಿನಲ್ಲಿದ್ದದ್ದು ಮಾಸಾಶನ ತೆಗೆಯುವ ಕಾರ್ಡು ಮಾತ್ರ. ಕಂಪನಿಯವರು ಅದನ್ನು ಒಪ್ಪಲಿಲ್ಲ.

ಹೆಂಡತಿಗೆ ಹೇಳಲಿಲ್ಲ. ಹೇಳಿದ್ದರೆ, ನನ್ನ ಕೈಯೇನು ಸವೆದು ಹೋಗಿದೆಯಾ ಎನ್ನುತ್ತಿದ್ದಳು. ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ನಾದಿನಿಯ ಹತ್ತಿರ ಹೋದ. ಅವಳು ಹೆಂಡತಿಯ ತಂಗಿ, ಬಾಯಿ ಜೋರು, ಮನಸ್ಸು ಹತ್ತಿ. ಪರ್ಸಿನಿಂದ ರಬ್ಬರ್ ಬ್ಯಾಂಡು ಸುತ್ತಿದ್ದ ನಾಲ್ಕು ಕಾರ್ಡು ತೆಗೆದು ಇಸ್ಪೀಟಿನ ಎಲೆಯ ಹಾಗೆ ಗಾಜಿನ ಮೇಲೆ ಹರಡಿದಳು. ಒಂದರಲ್ಲಿ ಸಾಲ ಮಾಡಿ ಇನ್ನೊಂದರದ್ದು ತೀರಿಸುತ್ತಾಳಂತೆ. ಅವರ ಟೋಪಿ ಇವರಿಗೆ, ಇವರ ಟೋಪಿ ಅವರಿಗೆ.

"ಭಾವ, ನೀವು ಮಾತ್ರ ನನ್ನ ಥರ ಮಾಡ್ಬೇಡಿ," ಅಂದಳು. "ಒಂದೇ ಕಾರ್ಡು ತಗೊಳ್ಳಿ. ಗಡಿಯಾರಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಉಜ್ಜಬೇಡಿ. ಬಿಲ್ಲು ಬಂದಾಗ ಕನಿಷ್ಠ ಇಷ್ಟು ಕಟ್ಟಿದ್ರೆ ಸಾಕು ಅಂತ ಒಂದು ಸಾಲಿರತ್ತೆ. ಅದನ್ನ ನೋಡ್ಲೇಬೇಡಿ, ಪೂರ್ತಿ ಕಟ್ಟಿಬಿಡಿ. ಆ ಸಾಲು ನಂಬಿಯೇ ನಾನು ಕೆಟ್ಟಿದ್ದು."

ಅಕ್ಕನಿಗೆ ಹೇಳಬೇಡ ಎಂದು ಅವನು ಕೇಳಿಕೊಂಡ. ಅವಳು ಬಾಯಿಗೆ ಬೀಗ ಹಾಕಿದ ಹಾಗೆ ಸನ್ನೆ ಮಾಡಿದಳು. ಅವಳ ಬಾಯಿಗೆ ಬೀಗ ಎಂಬ ಮಾತೇ ನಗು ತರಿಸುವಂಥದ್ದು. ಅವನಿಗೆ ಅದು ನಗುವ ವಿಷಯವೆಂದು ತಿಳಿಯಿತು, ಅಷ್ಟೇ.

ನಾದಿನಿಯ ಅಂಗಡಿಯಿದ್ದ ದೊಡ್ಡ ಸಂಕೀರ್ಣದ ಬಾಗಿಲಲ್ಲೇ ಕಾರ್ಡು ಮಾರುವ ಒಂದು ಮೇಜಿತ್ತು. ಕತ್ತಿಗೆ ಸ್ಕಾರ್ಫ್ ಸುತ್ತಿಕೊಂಡ ಹುಡುಗಿಯೊಬ್ಬಳು ಹೋಗಿಬರುವವರನ್ನೆಲ್ಲ ತಡೆದು ಮಾತಾಡಿಸುತ್ತಿದ್ದಳು. ಕಾರ್ಡು ತೆಗೆದುಕೊಂಡವರಿಗೆ ಚಕ್ರವಿರುವ ಸೂಟ್‌ಕೇಸು ಉಚಿತ. ಮೊದಲ ವರ್ಷ ಶುಲ್ಕವಿಲ್ಲ. ಅವಳು ಹೇಳಿದ ಸಾಲದ ಮಿತಿ ಎಷ್ಟೆಂದರೆ, ಅವನ ಮಾಸಾಶನವನ್ನು ಎರಡು ವರ್ಷ ಕೂಡಿಟ್ಟರೂ ಅಷ್ಟಾಗುತ್ತಿರಲಿಲ್ಲ. ಎರಡನೇ ವರ್ಷ ಏನು ಎಂದು ಅವನು ಕೇಳಿದ. ಅವಳು ಆಗ ನೋಡೋಣ ಸರ್ ಎಂದು ಅರ್ಜಿ ಮುಂದಿಟ್ಟು, ಪೆನ್ನಿನ ಮುಚ್ಚಳ ತಾನೇ ತೆಗೆದುಕೊಟ್ಟಳು.

ಹೆಸರು ಬರೆದ. ವಿಳಾಸ ಬರೆದ. ಉದ್ಯೋಗ ಎಂಬಲ್ಲಿಗೆ ಬಂದು ನಿಂತ. ಸಂಬಳ, ಸ್ವಂತ ವ್ಯಾಪಾರ, ನಿವೃತ್ತ, ಗೃಹಿಣಿ ಎಂದು ನಾಲ್ಕು ಚೌಕವಿದ್ದವು. ತಾನು ಮಾಸಾಶನದ ಮೇಲೆ ಬದುಕುವವನು, ಇದರಲ್ಲಿ ಎಲ್ಲಿ ಬರುತ್ತೇನೆ ಎಂದು ಕೇಳಿದ. ಹುಡುಗಿಯ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ತಗ್ಗಿದ ದನಿಯಲ್ಲಿ, ಮುಂಚೆ ಏನು ಮಾಡ್ತಿದ್ರಿ ಅಂದಳು. ಬಸ್ ಡ್ರೈವರ್ ಅಂದ.

"ಹಾಗಾದ್ರೆ ಸಂಬಳಕ್ಕೆ ಟಿಕ್ ಹಾಕಿ, ಡ್ರೈವರ್ ಅಂತ ಬರೀರಿ ಸರ್. ಯಾರು ಬಂದು ನೋಡ್ತಾರೆ? ಎಲ್ಲರೂ ಹಾಗೇ ಬರೆಯೋದು."

ಅವನು ಪೆನ್ನನ್ನು ಚೌಕದ ಮೇಲೆ ಹಿಡಿದ. ಹಿಡಿದವನಿಗೆ ಇನ್ನೊಂದು ಚೌಕ ಕಣ್ಣ ಮುಂದೆ ಬಂತು. ಅಪಘಾತಕ್ಕೆ ಎರಡು ತಿಂಗಳ ಮುಂಚೆ ಡಿಪೋದ ಅಂಗಳದಲ್ಲಿ ಅವನು ಚಹಾದ ಲೋಟ ಓರೆಯಾಗಿ ಹಿಡಿದು ನಿಂತುಬಿಟ್ಟಿದ್ದನಂತೆ. ಚಹಾ ಪೂರ್ತಿ ಬೂಟಿನ ಮೇಲೆ ಸುರಿದಿತ್ತು. ಮೂರು ಸಲ ಕೂಗಿದೆ, ಯಾವ ಲೋಕದಲ್ಲಿದ್ದೆ ಮಾರಾಯ, ಎಂದು ಕಂಡಕ್ಟರ್ ಕೇಳಿದ್ದ. ಅವನು ಏನೋ ಹೇಳಿ ತೇಲಿಸಿದ್ದ. ಅದರ ಮಾರನೇ ವಾರವೇ ವರ್ಷದ ಆರೋಗ್ಯ ತಪಾಸಣೆಯ ಅರ್ಜಿ ಬಂತು. ತಲೆಸುತ್ತು, ಮೂರ್ಛೆ, ಎಚ್ಚರ ತಪ್ಪುವುದು ಇದೆಯೇ? ಇದೆ, ಇಲ್ಲ. ಅವನು ಇಲ್ಲ ಎಂಬುದಕ್ಕೆ ಗುರುತು ಹಾಕಿದ್ದ. ಒಂದು ಸೆಕೆಂಡೂ ಹಿಡಿದಿರಲಿಲ್ಲ.

ಈ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ, ಮಣಿಕಟ್ಟು ಮುರಿದ ಆ ಮುದುಕರು ಎಡಗೈಯಲ್ಲಿ ಅವನ ಭುಜ ತಟ್ಟಿ, ನಿಮ್ಮ ತಪ್ಪೇನಿದೆ, ಎಲ್ಲ ಹಣೆಬರಹ ಎಂದಿದ್ದರು. ಆಗಲೂ ಹೇಳಿರಲಿಲ್ಲ.

ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. ಹುಡುಗಿ ಸೂಟ್‌ಕೇಸಿನ ಬಣ್ಣ ಬೇಕಾದರೆ ಬದಲಾಯಿಸಿ ಕೊಡುತ್ತೇನೆ ಅಂದಳು. ಅವನು ಬೇಡ ತಾಯಿ ಎಂದು ಹೊರಗೆ ಬಂದ.

ಮಾರನೇ ದಿನ ಮಾಸಾಶನ ಬರುವ ಬ್ಯಾಂಕಿಗೇ ಹೋದ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದ ಒಬ್ಬ ಅಧಿಕಾರಿ ಹೆಂಗಸು ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಮಾಸಾಶನವನ್ನು ಆದಾಯ ಎಂದು ಹಿಡಿಯಬಹುದೋ ಇಲ್ಲವೋ ತಿಳಿಯದೆ ಎದ್ದು ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದರು. ಹಿಡಿಯಬಹುದಂತೆ. ಆದರೆ ಸಾಮಾನ್ಯ ಕಾರ್ಡಿಗೆ ಅವನ ಹೆಸರು ಹಾಕಿ ನೋಡಿದರೆ ಕಂಪ್ಯೂಟರು ಬೇಡವೆಂದಿತು.

"ನೀವು ಜೀವಮಾನದಲ್ಲಿ ಒಂದು ಸಾಲವನ್ನೂ ಮಾಡಿಲ್ಲವಲ್ಲ," ಎಂದು ಅವರು ಪರದೆ ನೋಡುತ್ತಾ ಹೇಳಿದರು. "ಸಾಲ ಮಾಡಿ ತೀರಿಸಿದವರನ್ನ ಇದು ನಂಬತ್ತೆ. ಸಾಲವೇ ಮಾಡದವರು ಯಾರು ಏನು ಅಂತ ಇದಕ್ಕೆ ಗೊತ್ತಾಗಲ್ಲ."

ಇನ್ನೊಂದು ದಾರಿ ಇತ್ತು. ಒಂದಿಷ್ಟು ಹಣ ಠೇವಣಿ ಇಟ್ಟರೆ ಅದರ ಆಧಾರದ ಮೇಲೆ ಕಾರ್ಡು ಕೊಡುತ್ತಾರೆ. ಮಿತಿ ಚಿಕ್ಕದು, ವರ್ಷಕ್ಕೆ ಸಣ್ಣ ಶುಲ್ಕ. ಕಾರ್ಡು ಇರುವವರೆಗೆ ಠೇವಣಿ ಮುಟ್ಟುವಂತಿಲ್ಲ. ಸೂಟ್‌ಕೇಸು ಗೀಟ್‌ಕೇಸು ಏನೂ ಇಲ್ಲ. ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ ಖಾಲಿ ಗೆರೆ ಇತ್ತು. ಏನು ಬರೆಯಲಿ ಎಂದು ಕೇಳಿದ್ದಕ್ಕೆ, ಇರೋದನ್ನ ಬರೀರಿ ಅಂದರು. ಅಂಗವಿಕಲರ ಮಾಸಾಶನ ಎಂದು ಬರೆದ. ಅಕ್ಷರ ಗೆರೆಗಿಂತ ಉದ್ದವಾಗಿ ಅಂಚಿಗೆ ಹೋಯಿತು.

ಆದರೆ ಠೇವಣಿ ಇಟ್ಟಿದ್ದಾನೆಂದು ಮಾಸಾಶನ ನಿಲ್ಲಿಸಿಬಿಟ್ಟರೆ? ಮಾಸಾಶನದ ಸಾಲಿನಲ್ಲಿ ಸಿಕ್ಕವರು ಇಂಥ ಕಥೆ ಎಷ್ಟೋ ಹೇಳಿದ್ದರು. ಅರ್ಜಿ ಮಡಚಿ ಜೇಬಿನಲ್ಲಿಟ್ಟುಕೊಂಡು ಮಾಸಾಶನದ ಆಫೀಸಿಗೆ ಹೋದ. ಸರದಿಯ ಚೀಟಿ ಹರಿದುಕೊಂಡು ಎರಡೂವರೆ ಗಂಟೆ ಕೂತ. ಕಿಟಕಿಯಾಚೆಗಿನ ಗುಮಾಸ್ತರು ಪುಸ್ತಕ ತಿರುವಿ, ಉಳಿತಾಯ ಇಷ್ಟರವರೆಗೆ ಇದ್ದರೆ ತೊಂದರೆಯಿಲ್ಲ, ನಿಮ್ಮ ಠೇವಣಿ ಅದರ ಕಾಲು ಭಾಗವೂ ಆಗುವುದಿಲ್ಲ, ಕಾರ್ಡಿನ ಮಿತಿ ಆದಾಯವೇ ಅಲ್ಲ, ಹೋಗಿ ಬನ್ನಿ ಎಂದರು. ಅವನು ಕದಲಲಿಲ್ಲ. ಅದನ್ನೇ ಬರೆದುಕೊಡಿ ಎಂದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾರೂ ಬರೆದುಕೊಡಿ ಎಂದು ಕೇಳಿಲ್ಲವಲ್ಲ ಎಂದರು ಗುಮಾಸ್ತರು. ಅವನು ಅರ್ಜಿ ಬಿಡಿಸಿ ಕಿಟಕಿಯೊಳಗೆ ಚಾಚಿದ. ಮೊದಲಾಗಿದ್ದರೆ ಹಿಂದಿನವರ ಗೊಣಗಾಟಕ್ಕೆ ನಾಚಿ ಹೊರಟುಬಿಡುತ್ತಿದ್ದ. ಈಗ ನಾಚಿಕೆಯೂ ಆಗಲಿಲ್ಲ. ಕೊನೆಗೆ ಅವರು ಕಾಲು ಹಾಳೆಯಲ್ಲಿ ಮೂರು ಸಾಲು ಗೀಚಿ, ಮುದ್ರೆ ಒತ್ತಿ, ಅದರ ಮೇಲೆ ಉಫ್ ಎಂದು ಊದಿ ಕೊಟ್ಟರು.

ಇನ್ನು ಠೇವಣಿಯ ಹಣ. ಮೆಟ್ಟಿಲ ಕೆಳಗೆ ಅವನ ಬೈಕು ಮೂರು ವರ್ಷದಿಂದ ಹೊದಿಕೆ ಹೊದ್ದು ನಿಂತಿತ್ತು. ತಿರುವಿನ ಮೆಕ್ಯಾನಿಕ್ಕು ಆಗಾಗ ಕೇಳುತ್ತಲೇ ಇದ್ದ. ಗುರುವಾರ ಮಧ್ಯಾಹ್ನ ಅವನನ್ನು ಕರೆದು ಕೊಟ್ಟುಬಿಟ್ಟ. ಮೆಕ್ಯಾನಿಕ್ಕು ಚಕ್ರಕ್ಕೆ ಗಾಳಿ ತುಂಬಿ, ಪ್ಲಗ್ಗು ಉಜ್ಜಿ, ನಾಲ್ಕನೇ ಒದೆತಕ್ಕೆ ಸ್ಟಾರ್ಟ್ ಮಾಡಿದ. ಆ ಸದ್ದು ಕೇಳಿದರೆ ಮನಸ್ಸಿಗೆ ಏನಾದರೂ ಆಗಬಹುದೆಂದು ಡ್ರೈವರ್ ಕಾದ. ಸೈಲೆನ್ಸರಿಗೆ ತೂತು ಬಿದ್ದಿದೆ ಎಂದು ತಿಳಿಯಿತು. ಅದನ್ನು ಮೆಕ್ಯಾನಿಕ್ಕಿಗೆ ಹೇಳಿದ, ಅವನು ಅಷ್ಟು ಬೆಲೆ ಇಳಿಸಿದ.

ಸಂಜೆ ಹೆಂಡತಿ ಬಂದಳು. ಮೆಟ್ಟಿಲ ಕೆಳಗೆ ಎಣ್ಣೆಯ ಕಲೆ ಮಾತ್ರ ಇತ್ತು. ಒಳಗೆ ಬಂದು ಚೀಲ ಇಟ್ಟು, ಒಣಗಿದ ಬಟ್ಟೆಯ ರಾಶಿ ಎಳೆದುಕೊಂಡು ಮಡಚಲು ಕೂತಳು. ಎರಡು ಅಂಗಿ ಮಡಚಿದ ಮೇಲೆ ಕೇಳಿದಳು.

"ಬೈಕ್ ಎಲ್ಲಿ ರೀ?"

"ಮಾರಿದೆ."

"ಯಾರನ್ನ ಕೇಳಿ?"

ಅವನು ಮೊದಲಿನಿಂದ ಹೇಳಿದ. ಗಡಿಯಾರ, ಕಾರ್ಡು, ಠೇವಣಿ, ಮುದ್ರೆ ಒತ್ತಿಸಿಕೊಂಡ ಕಾಲು ಹಾಳೆ, ಎಲ್ಲ. ಅವಳು ಬಟ್ಟೆ ಮಡಚುತ್ತಲೇ ಇದ್ದಳು. ಅಂಗಡಿಯ ಬಾಗಿಲಲ್ಲಿ ಆ ಕಾರ್ಡು ಸುಲಭವಾಗಿ ಸಿಗುತ್ತಿತ್ತಲ್ಲ, ಡ್ರೈವರ್ ಅಂತ ಬರೆದಿದ್ದರೆ ಏನಾಗುತ್ತಿತ್ತು, ಬೈಕಾದರೂ ಉಳಿಯುತ್ತಿತ್ತು ಎಂದು ಕೇಳಿದಳು. ಆಗ ಅವನು ಇನ್ನೊಂದು ಅರ್ಜಿಯ ವಿಷಯವನ್ನೂ ಹೇಳಿದ. ಹೇಳಲೇಬೇಕೆಂದೇನೂ ಇರಲಿಲ್ಲ. ಮಾತಿಗೆ ಮಾತು ಬಂತು, ಬಾಯಿಂದ ಹೊರಬಿತ್ತು.

"ಒಂದು ಸಲ ಹಾಗಾಗಿತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಇಲ್ಲ ಅಂತ ಬರೆದೆ."

ಅವಳ ಕೈ ನಿಂತಿತು. ತೊಡೆಯ ಮೇಲೆ ಅರ್ಧ ಮಡಚಿದ ಟವೆಲ್ಲಿತ್ತು.

"ಒಂದು ಸಲ ಅಲ್ಲ," ಅಂದಳು.

ಅವನು ನೋಡಿದ.

"ನಲ್ಲಿ ಹತ್ತಿರ ನಿಂತಿದ್ರಿ. ಬಕೆಟ್ ತುಂಬಿ ನೀರು ಹೋಗ್ತಾ ಇತ್ತು. ನಾನು ಬಾಗಿಲಲ್ಲೇ ಇದ್ದೆ. ಕೂಗ್ದೆ, ತಿರುಗಲಿಲ್ಲ. ಕಣ್ಣು ಬಿಟ್ಕೊಂಡೇ ಇದ್ರಿ. ಆಮೇಲೆ ನಲ್ಲಿ ನಿಲ್ಲಿಸಿ, ಏನೂ ಆಗದೋರ ಹಾಗೆ ತಿಂಡಿ ಏನು ಅಂತ ಕೇಳಿದ್ರಿ."

"ಯಾವಾಗ?"

"ಬಸ್ಸು ಗುದ್ದೋಕೆ ಹದಿನೈದು ದಿನ ಮುಂಚೆ. ಡಾಕ್ಟರ ಹತ್ರ ಹೋಗೋಣ ಅಂತ ಬಾಯಿಗೆ ಬಂದಿತ್ತು. ಹೋದ್ರೆ ಕೆಲಸ ಹೋಗತ್ತೆ ಅನ್ನಿಸ್ತು. ಆ ತಿಂಗಳು ತಾನೇ ಈ ಮನೆಗೆ ಮುಂಗಡ ಕೊಟ್ಟಿದ್ವಿ. ಸುಮ್ನಾದೆ."

ಬೀದಿಯಲ್ಲಿ ಯಾರೋ ಶಟರ್ ಎಳೆದರು. ಅವಳು ಟವೆಲ್ ಮಡಚಿ ಮುಗಿಸಿ ರಾಶಿಯ ಮೇಲಿಟ್ಟಳು.

"ಅದಕ್ಕೇ ಕಣ್ರೀ ನಂಗೆ ನಿದ್ದೆ ಬರ್ದೇ ಇರೋದು. ನಿಮ್ಮನ್ನ ಕಾಯೋಕೆ ಎಚ್ಚರ ಇರ್ತೀನಿ ಅಂದ್ಕೊಂಡಿದ್ರಾ?"

ಅವನು ಒಂದು ಅಂಗಿ ಎಳೆದುಕೊಂಡು ಮಡಚತೊಡಗಿದ. ಅವಳು ಅಳಲಿಲ್ಲ. ಮುದುಕರ ಹೆಸರು ನೆನಪಿದೆಯಾ ಎಂದು ಅವಳು ಕೇಳಿದಳು. ಇದೆ ಅಂದ. ಮನೆ ಗೊತ್ತಾ ಅಂದಳು. ಗೊತ್ತಿಲ್ಲ, ಆದರೆ ಹುಡುಕಬಹುದು ಅಂದ. ಆಮೇಲೆ ಅವಳು ಎದ್ದು ಬಟ್ಟೆಯನ್ನು ಕಪಾಟಿನಲ್ಲಿಟ್ಟು ಬಂದು, ಆ ಗಡಿಯಾರ ನೀರಿಗೆ ತಡೆಯುತ್ತದಾ ಎಂದು ಕೇಳಿದಳು. ತಡೆಯುತ್ತದೆ ಎಂದು ಬರೆದಿದ್ದಾರೆ ಅಂದ.

ಠೇವಣಿ ಕಟ್ಟಿದ ಮೇಲೆ ಕಾರ್ಡು ಹನ್ನೊಂದು ದಿನಕ್ಕೆ ಬಂತು. ಬೂದು ಬಣ್ಣ, ಹೆಸರಿನಲ್ಲಿ ಒಂದು ಅಕ್ಷರ ತಪ್ಪು. ಅದನ್ನು ತಿದ್ದಿಸಲು ಮತ್ತೆ ಬ್ಯಾಂಕಿಗೆ ಹೋಗಿ, ಮತ್ತೆ ಒಂಬತ್ತು ದಿನ ಕಾದ. ಗುಪ್ತ ಸಂಖ್ಯೆಯನ್ನು ಅವನೂ ಹೆಂಡತಿಯೂ ಸೇರಿ ಆರಿಸಿದರು. ಮೊದಲು ಬಸ್ಸಿನ ನಂಬರು ಎಂದುಕೊಂಡವರು ಬೇಡವೆಂದು, ನಾದಿನಿ ಹುಟ್ಟಿದ ವರ್ಷ ಹಾಕಿದರು. ಅವಳಿಗೆ ಇದು ತಿಳಿದರೆ ಊರಿಗೆಲ್ಲ ಹೇಳುತ್ತಾಳೆ ಎಂದಳು ಹೆಂಡತಿ. ಗಡಿಯಾರವನ್ನು ಅವನೇ ಮೊಬೈಲಿನಲ್ಲಿ ತರಿಸಿದ. ಕಾರ್ಡಿನ ಅಂಕಿಗಳನ್ನು ನಾಲ್ಕು ನಾಲ್ಕಾಗಿ ಅವಳು ಓದಿದಳು, ಅವನು ಒತ್ತಿದ.

ಮೊದಲ ದಿನವೇ ಗಡಿಯಾರ ಮಾನ ಕಳೆಯಿತು. ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ, ಅದನ್ನು ಕಟ್ಟಿದ್ದ ಬಲಗೈ ಅದುರಿದ್ದನ್ನೇ ಫಿಟ್ಸು ಎಂದು ತಿಳಿದು ಹೊಡೆದುಕೊಂಡಿತು. ಹೆಂಡತಿ ಹಿಂದಿನ ಬೀದಿಯ ಕಾರ್ಖಾನೆಯಿಂದ ಏಪ್ರನ್ನಿನಲ್ಲೇ, ತಲೆಗೆ ಹಾಕಿದ ಬಲೆಯ ಸಮೇತ ಓಡಿಬಂದಳು. ಅವನು ಬಾಯಿತುಂಬ ನೊರೆ ತುಂಬಿಕೊಂಡು ಬಾಗಿಲು ತೆಗೆದ. ಆ ನೊರೆ ನೋಡಿ ಅವಳು ಇನ್ನೂ ಹೆದರಿದಳು. ಅವನು ಬ್ರಷ್ಷು ಎತ್ತಿ ತೋರಿಸಿದ. ಅವಳು ಬಾಗಿಲಿಗೆ ಒರಗಿ ಎಷ್ಟೋ ಹೊತ್ತು ನಕ್ಕಳು, ನಗುತ್ತಾ ಕೆಳಗೆ ಕೂತಳು. ಅಂದಿನಿಂದ ಅವನು ಎಡಗೈಯಲ್ಲಿ ಹಲ್ಲುಜ್ಜಲು ಕಲಿತ.

ಮೂರನೇ ವಾರ ನಿಜವಾದ ಫಿಟ್ಸು ಬಂತು, ಮಧ್ಯಾಹ್ನ ಮಲಗಿದ್ದಾಗ. ಅವನಿಗೆ ನೆನಪಿಲ್ಲ. ಮೊಬೈಲು ಹೊಡೆದುಕೊಂಡಿತು, ರಜೆಯಲ್ಲಿದ್ದ ಅವಳು ಪಕ್ಕದ ಮನೆಯಿಂದ ಬಂದು ಅವನನ್ನು ಮಗ್ಗುಲಿಗೆ ತಿರುಗಿಸಿದಳು, ಎರಡು ನಿಮಿಷಕ್ಕೆ ನಿಂತಿತು. ಗಡಿಯಾರ ಕೈಬಿಡುವುದಿಲ್ಲ ಎಂಬ ನಂಬಿಕೆ ಅವಳಿಗೆ ಬಂದದ್ದು ಆಗಲೇ.

ಮುದುಕರ ಮನೆ ಹುಡುಕಲು ಇನ್ನೆರಡು ವಾರ ಹಿಡಿಯಿತು. ಇಬ್ಬರೂ ಒಟ್ಟಿಗೇ ಹೋದರು. ಮುದುಕರು ಆಗಲೇ ಎಲ್ಲವನ್ನೂ ಮರೆಯತೊಡಗಿದ್ದರು. ಸೊಸೆ ಕುರ್ಚಿ ಕೊಟ್ಟಳು. ಡ್ರೈವರ್ ತನ್ನ ಪಾಲನ್ನು ಹೇಳಿದ, ಹೆಂಡತಿ ತನ್ನದನ್ನು ಹೇಳಿದಳು. ಮುದುಕರು ಕೇಳಿ, ಯಾವ ಬಸ್ಸು ಎಂದು ಕೇಳಿದರು. ಸೊಸೆ ಮಾತ್ರ ಎಲ್ಲ ಅರ್ಥ ಮಾಡಿಕೊಂಡು, ಚಳಿ ಬಂದರೆ ಅವರ ಕೈ ಈಗಲೂ ನೋಯುತ್ತದೆ ಎಂದು ಒಂದೇ ಮಾತು ಹೇಳಿದಳು. ಕ್ಷಮಿಸಿದ್ದೇನೆ ಅನ್ನಲಿಲ್ಲ, ಬೈಯಲೂ ಇಲ್ಲ. ಬಾಗಿಲವರೆಗೆ ಬಂದು ಗೇಟು ಹಾಕಿಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಡ್ರೈವರನ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ನೀರು ಕುಡಿದರೂ ಹೋಗಲಿಲ್ಲ. ಮನೆಯ ಸ್ಟಾಪು ಬರುವವರೆಗೂ ಇತ್ತು. ಅವನು ಹೆಂಡತಿಗೆ ಹೇಳಲಿಲ್ಲ, ಆದರೆ ಹೋಗಿಬಿಡಲಿ ಎಂದೂ ಅನ್ನಿಸಲಿಲ್ಲ.

ಅದಾದ ಮೊದಲ ಭಾನುವಾರ ಊಟ ಮುಗಿಸಿ ಅವಳು, ಹತ್ತು ನಿಮಿಷ ಅಡ್ಡಾಗುತ್ತೇನೆ ಎಂದು ಒಳಕೋಣೆಗೆ ಹೋದಳು. ಮೊಬೈಲು ಹಿಡಿದುಕೊಂಡು ಒಬ್ಬಳೇ ಹೋದಳು. ಅವನು ಪಾತ್ರೆ ತೊಳೆದಿಟ್ಟ, ಹೊರಗಿನ ಕೋಣೆಯಲ್ಲಿ ಹಳೆಯ ಪೇಪರು ಓದಿದ. ಮೂರಾಯಿತು, ನಾಲ್ಕಾಯಿತು. ನಾದಿನಿ ಬಂದಳು, ಶ್ ಎಂದು ಸನ್ನೆ ಮಾಡಿ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ಮಾತಾಡಿ ಕಳಿಸಿದ. ಅವಳು ಒಂದು ಕಾರ್ಡನ್ನು ಕತ್ತರಿಸಿ ಹಾಕಿದ್ದಳಂತೆ, ಉಳಿದದ್ದು ಮೂರು. ಐದೂವರೆಗೆ ಬಿಸಿಲು ಗೋಡೆಯಿಂದ ಇಳಿಯಿತು.

ಆರು ದಾಟಿದ ಮೇಲೆ ಹೆಂಡತಿ ಕೂದಲು ಕೆದರಿಕೊಂಡು ಬಾಗಿಲಿಗೆ ಬಂದು ನಿಂತಳು. ಕೆನ್ನೆಯ ಮೇಲೆ ದಿಂಬಿನ ಗೆರೆಗಳಿದ್ದವು.

"ಬೆಳಗಾಯ್ತಾ?"

"ಇಲ್ಲ, ಸಂಜೆ."

"ಮತ್ತೆ ಎಬ್ಬಿಸೋದಲ್ವಾ?"

"ಯಾಕೆ ಎಬ್ಬಿಸ್ಲಿ? ಇನ್ನೂ ಬೇಕಾದ್ರೆ ಮಲಗು. ರಾತ್ರಿಗೆ ಅನ್ನ ನಾನಿಡ್ತೀನಿ."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ತಿರುಗಿ ಹೋಗಿ ಮತ್ತೆ ಮಲಗಿದಳು. ಅವನು ಅಕ್ಕಿಯ ಡಬ್ಬ ಸದ್ದಾಗದ ಹಾಗೆ ತೆಗೆದ.